ಸೂಜಿ ಪಾನಾ ಮತ್ತು ಎರಡು ಕೋಟು ಕೆಂಪು ಬಣ್ಣ

ನಮ್ಮ ಆರೋಗ್ಯ ಕೇಂದ್ರದ ಔಷಧಿ ಕೋಣೆಯಲ್ಲಿ, ರಕ್ತದೊತ್ತಡ ನೋಡುವ ಪಾದರಸದ ಪೆಟ್ಟಿಗೆಯ ಮಗ್ಗುಲಿಗೆ, ಗೋಡೆಯ ಮೊಳೆಗೆ ಒಂದು ಕಬ್ಬಿಣದ ಸಾಮಾನು ತೂಗುಬಿದ್ದಿರುತ್ತಿತ್ತು. ಮೊಳಕ್ಕಿಂತ ಸ್ವಲ್ಪ ಉದ್ದ. ಒಂದು ತುದಿಗೆ ಕಟ್ಟಿಗೆಯ ಹಿಡಿಕೆ, ಇನ್ನೊಂದು ತುದಿಗೆ ನಟ್ಟು ಹಿಡಿಯುವ ಬಟ್ಟಲು, ನಡುವೆ ಉದ್ದಕ್ಕೂ ತೆಳ್ಳಗಿನ ಸೂಜಿ, ಹಿಡಿಕೆಯ ಹತ್ತಿರ ಅಂಕಿ ಕೊರೆದ ಪಟ್ಟಿ. ಹೊಸದಾಗಿ ಬಂದ ರೋಗಿಗಳು ಅದನ್ನು ನೋಡಿ ಗಾಬರಿಯಾಗುತ್ತಿದ್ದರು. ಸೇಡಂ ಕಡೆಯ ಆಡಕಿಯಿಂದ ಮಗಳ ಹೆರಿಗೆಗೆಂದು ಬಂದ ಒಬ್ಬ ಮುದುಕ ಅರ್ಧ ತಾಸು ಅದನ್ನೇ ದಿಟ್ಟಿಸುತ್ತ ಕೂತು, ಕೊನೆಗೆ ನನ್ನನ್ನು ಬದಿಗೆ ಕರೆದು, "ನರ್ಸಬಾಯಿ, ಅದು ನಮ್ಮ ಹುಡುಗಿಗಿ ಹಾಕಂಗಿಲ್ಲ, ಹೌದಿಲ್ಲೊ?" ಎಂದು ಕೇಳಿದ್ದ.

ಅದು ಜೀಪಿನ ಗಾಲಿಯ ನಟ್ಟು ಬಿಗಿಯುವ ಪಾನಾ ಎಂದು ನಾನು ಹೇಳಿದರೆ ಅವನು ನಂಬಲಿಲ್ಲ. ಗಾಲಿಯ ಪಾನಾ ದವಾಖಾನೆಯ ಗೋಡೆಗೆ ಯಾಕಿರುತ್ತದೆ ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಮ್ಮ ಡ್ರೈವರ್ ಚಾಚಾ ಅದನ್ನು ಜೀಪಿನಲ್ಲಿ ಇಡಲು ಒಪ್ಪುತ್ತಿರಲಿಲ್ಲ. ಕುಲುಕಾಟಕ್ಕೆ ಸೂಜಿ ಸೊಟ್ಟಗಾದರೆ ಪಾನಾ ಸುಳ್ಳು ಹೇಳಲು ಶುರುಮಾಡುತ್ತದೆ ಅನ್ನುವುದು ಅವರ ಹೆದರಿಕೆ. ದೂರ ಹೋಗುವ ದಿನ ಮಾತ್ರ ಅದನ್ನು ಕೌದಿಯಲ್ಲಿ ಸುತ್ತಿ, ತಮ್ಮ ಸೀಟಿನ ಬೆನ್ನಿಗೆ ಕೂಸಿನ ಹಾಗೆ ಮಲಗಿಸಿ ಒಯ್ಯುತ್ತಿದ್ದರು.

ಬಲ್ಲವರು ಅದಕ್ಕೆ ಟಾರ್ಕ್ ರೆಂಚು ಅನ್ನುತ್ತಾರೆಂದು ನನಗೆ ಬಹಳ ವರ್ಷದ ಮೇಲೆ ತಿಳಿಯಿತು. ಚಾಚಾ ಕರೆಯುತ್ತಿದ್ದದ್ದು ಸೂಜಿ ಪಾನಾ ಅಂತ. ಎಷ್ಟು ಬಲದಿಂದ ನಟ್ಟು ಬಿಗಿದೆವು ಎನ್ನುವುದನ್ನು ಅದು ತೋರಿಸುತ್ತದೆ. ಹಿಡಿಕೆ ಎಳೆದಂತೆ ಕಂಬಿ ತುಸುವೇ ಬಾಗುತ್ತದೆ, ಸೂಜಿ ಮಾತ್ರ ನೆಟ್ಟಗೆ ನಿಂತಿರುತ್ತದೆ, ಹೀಗಾಗಿ ಅಂಕಿಯ ಪಟ್ಟಿ ಸೂಜಿಯ ಕೆಳಗೆ ಸರಿಯುತ್ತದೆ. ನಮ್ಮ ಜೀಪಿಗೆ ಎಲ್ಲಿಗೆ ನಿಲ್ಲಿಸಬೇಕೋ ಅಲ್ಲಿ ಚಾಚಾ ಅರದಿಂದ ಒಂದು ಸಣ್ಣ ಗೀರು ಹಾಕಿಟ್ಟಿದ್ದರು. ಅವರಿಗೆ ಇಂಗ್ಲಿಷ್ ಅಂಕಿ ಓದಲು ಬರುತ್ತಿತ್ತು, ಆದರೂ ಗೀರಿನ ಮೇಲೆಯೇ ಭರವಸೆ.

ಆ ಪಾನಾ ಅವರಿಗೆ ಬಂದದ್ದು ವಾಡಿಯಲ್ಲಿ. ಹರೆಯದಲ್ಲಿ ಅಲ್ಲಿನ ಒಂದು ಗ್ಯಾರೇಜಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರುವ ಲಾರಿಗಳ ಗಾಲಿ ಕೆಲಸ ಮಾಡುತ್ತಿದ್ದರಂತೆ. ಮಿಸ್ತ್ರಿಯ ಕಣ್ಣು ಮಂಜಾದಾಗ, ಸೂಜಿ ಕಾಣದವನ ಕೈಯಲ್ಲಿ ಇದು ಬರೀ ಕಂಬಿ ಎಂದು ಅವನು ಅದನ್ನು ಇವರ ಕೈಗಿಟ್ಟು ಮನೆಗೆ ಹೋದನಂತೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಚಾಚಾ ಅವರಿಗೆ ನಲವತ್ತು ದಾಟಿತ್ತು, ಅಷ್ಟೆ. ಗಡ್ಡ ಬೇಗ ನೆರೆತದ್ದಕ್ಕೆ ತಮಗಿಂತ ಹಿರಿಯರಿಗೂ ಅವರು ಚಾಚಾ ಆಗಿದ್ದರು. ನಾಲ್ಕು ವರ್ಷದಿಂದ ದಿನಗೂಲಿಯ ಮೇಲೆ ಸರಕಾರಿ ಜೀಪು ಓಡಿಸುತ್ತಿದ್ದರು. ಅವರನ್ನು ಖಾಯಂ ಮಾಡುವ ಕಾಗದ ನಮ್ಮ ಡಾಕ್ಟರ ಮೇಜಿನ ಮೇಲೆ ಇತ್ತು. ಡಾಕ್ಟರು ಒಳ್ಳೆಯ ಮಾತು ಬರೆದು ಆ ತಿಂಗಳೊಳಗೆ ಗುಲ್ಬರ್ಗಕ್ಕೆ ಕಳಿಸಬೇಕಿತ್ತು. ಮುಂದಿನ ವರ್ಷಕ್ಕೆ ಬಿಟ್ಟರೆ ವಯಸ್ಸಿನ ಮಿತಿ ದಾಟಿ, ಆಮೇಲೆ ಯಾರು ಬರೆದರೂ ಪ್ರಯೋಜನವಿರಲಿಲ್ಲ. ಇದು ದವಾಖಾನೆಯ ಆಯಾಳಿಂದ ಹಿಡಿದು ಎದುರಿನ ಚಹಾದಂಗಡಿಯವನ ತನಕ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಆ ಕೇಂದ್ರ ಚಿಂಚೋಳಿ ತಾಲೂಕಿನಲ್ಲಿತ್ತು ಎಂದಷ್ಟೇ ಹೇಳುತ್ತೇನೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಕೆಲವೇ ವರ್ಷ ಕಳೆದಿದ್ದವು. ಜೀಪಿನ ಬಾಗಿಲ ಮೇಲೆ ಹೊಸ ಹೆಸರು ಬರೆದಿದ್ದರೂ ಬಿಸಿಲಿಗೆ ಬಣ್ಣ ತೆಳುವಾಗಿ, ಕೆಳಗಿನ ಮೈಸೂರು ಸರ್ಕಾರ ಮೆಲ್ಲಗೆ ಮುಖ ತೋರಿಸುತ್ತಿತ್ತು. ನಾನು ಸೇಡಂನ ಒಂದು ವೈಷ್ಣವ ಮನೆಯ ಹುಡುಗಿ. ಅಜ್ಜ ಗುಡಿಯ ಪೂಜೆ ಮಾಡಿಕೊಂಡು ಸಾಲಿ ಕಲಿಸುತ್ತಿದ್ದರು. ನನಗೆ ಮಾತು ಕಲಿಸಿದವಳು ಅಜ್ಜಿ. ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿದ ಮರುದಿನ ಬೆಳಿಗ್ಗೆ ಅವಳು ತಪ್ಪದೆ ಹೋಗಿ ಗಂಟು ಬಿಚ್ಚಿ ಮತ್ತೊಮ್ಮೆ ಬಿಗಿಯುತ್ತಿದ್ದಳು. ಕಟ್ಟಿದ್ದನ್ನೇ ಯಾಕೆ ಕಟ್ಟುತ್ತೀ ಎಂದರೆ, ಬಟ್ಟೆ ಒಂದು ರಾತ್ರಿ ಕಳೆದ ಮೇಲೆ ತನ್ನ ಜಾಗ ಹಿಡಿಯುತ್ತದೆ, ಆಗ ಗಂಟು ಸಡಿಲಾಗುತ್ತದೆ ಅನ್ನುತ್ತಿದ್ದಳು. ಇಷ್ಟು ತಿಳಿದ ಮನೆಯಿಂದ ಬಂದ ನಾನು ಚಾಚಾ ಅವರ ಹುಣಸೆ ಗಿಡವನ್ನು ನೋಡಿ ನಕ್ಕೆ ನೋಡಿ, ಅದೇ ನನಗೆ ಈಗಲೂ ಸೋಜಿಗ.

ಹುಣಸೆ ಗಿಡದ ಕಥೆ ಹೀಗೆ. ಗಾಲಿ ಬಿಚ್ಚಿ ಹಾಕಿದ್ದಾದರೆ, ಮರುಸಲ ಹೊರಟಾಗ ಮೂರು ಮೈಲಿಗೆ ಜೀಪು ನಿಲ್ಲಿಸಿ ನಟ್ಟುಗಳನ್ನು ಮತ್ತೆ ಸೂಜಿ ಪಾನಾದಿಂದ ನೋಡಲೇಬೇಕು ಎನ್ನುವುದು ಚಾಚಾ ಅವರ ಕಟ್ಟಳೆ. ನಮ್ಮೂರಿನಿಂದ ಮೂರು ಮೈಲಿಗೆ ಸರಿಯಾಗಿ ಒಂದು ಹುಣಸೆ ಗಿಡ ಇತ್ತು. ಅಲ್ಲಿ ನಿಂತು ಗಾಲಿ ತಣ್ಣಗಾಗಲಿ ಎಂದು ಒಂದು ಬೀಡಿ ಸೇದಿ, ಆಮೇಲೆ ಕೌದಿ ಬಿಚ್ಚುತ್ತಿದ್ದರು. ಒಳಗೆ ಕೂತ ನಮಗೆ ಜೀವ ಹೋದಂತಾಗುತ್ತಿತ್ತು. ಚಾಚಾ ಅವರ ಅತ್ತೆ ಮನೆ ಬಂತು, ಇಳಿದು ನಮಸ್ಕಾರ ಮಾಡಲಿ ಎಂದು ನಾನೇ ಚುಚ್ಚುತ್ತಿದ್ದೆ. ಅವರು ನಗುತ್ತಿದ್ದರು, ಆದರೆ ಕೆಲಸ ಬಿಡುತ್ತಿರಲಿಲ್ಲ.

ಒಂದು ಸಲ ಪಂಕ್ಚರ್ ಆದಾಗ ಬೇಸರಕ್ಕೆ ಇಳಿದು ಹೋಗಿ ನೋಡುತ್ತ ನಿಂತೆ. ಮೊದಲು ಬೋಲ್ಟಿನ ಹಲ್ಲುಗಳನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿ ಒಣ ಬಟ್ಟೆಯಿಂದ ಒರೆಸಿದರು. ಎಣ್ಣೆ ಹಚ್ಚಬಾರದಂತೆ, ಎಣ್ಣೆಯಿದ್ದರೆ ಸೂಜಿ ಒಂದು ಹೇಳುತ್ತದೆ, ನಟ್ಟು ಅದಕ್ಕಿಂತ ಹೆಚ್ಚು ಬಿಗಿಯಾಗಿರುತ್ತದಂತೆ. ಐದೂ ನಟ್ಟುಗಳನ್ನು ಬೆರಳಿನಿಂದಲೇ ಹತ್ತಿಸಿದರು. ಬೆರಳಿಗೆ ಹತ್ತದ ನಟ್ಟನ್ನು ಪಾನಾದಿಂದ ಹತ್ತಿಸುವುದು ಒಲ್ಲದ ಹುಡುಗಿಯ ಕೊರಳಿಗೆ ತಾಳಿ ಕಟ್ಟಿದ ಹಾಗೆ ಎಂದರು. ಆಮೇಲೆ ಒಂದು ಬಿಟ್ಟು ಒಂದರಂತೆ ಐದನ್ನೂ ತುಸು ಬಿಗಿದು, ಜಾಕು ಇಳಿಸಿ ಗಾಲಿಯನ್ನು ನೆಲಕ್ಕೆ ಮುಟ್ಟಿಸಿ, ಸೂಜಿ ಪಾನಾ ತೆಗೆದರು. ಅದೇ ಸರದಿಯಲ್ಲಿ ಎರಡು ಸುತ್ತು: ಮೊದಲ ಸುತ್ತಿಗೆ ಗೀರಿನ ಅರ್ಧಕ್ಕೆ, ಎರಡನೆಯದಕ್ಕೆ ಗೀರಿಗೆ. ಜಗ್ಗಾಟವಿಲ್ಲ, ಉಸಿರು ಎಳೆದ ಹಾಗೆ ಒಂದೇ ಸಮನೆ ಎಳೆಯುವುದು. ತಲೆ ಬಗ್ಗಿಸಿ ಕಣ್ಣು ಸೂಜಿಯ ನೇರ ಮೇಲೆ. ನಾನು ಪಾದರಸ ನೋಡುವಾಗಲೂ ಹಾಗೇ ನೋಡುತ್ತೇನಲ್ಲ ಎಂದು ಆಗ ಹೊಳೆಯಿತು.

ಲಾರಿಯವರು ಪಾನಾದ ಮೇಲೆ ನಿಂತು ಕುಣಿದು ಬಿಗಿಯುತ್ತಾರಲ್ಲ, ಅದು ಇನ್ನೂ ಗಟ್ಟಿಯಲ್ಲವೆ ಎಂದು ಕೇಳಿದೆ.

"ನೀವು ಕೈಗಿ ಪಟ್ಟಿ ಕಟ್ಟೋವಾಗ ಅದರ ಮ್ಯಾಲ ನಿಂತು ಕುಣೀತೀರೇನು ನರ್ಸಬಾಯಿ?" ಎಂದರು. "ಭಾಳ ಬಿಗಿದ್ರ ಬೋಲ್ಟು ಸಾಯ್ತದ. ಸಡಲ ಬಿಟ್ರ ನಾವು ಸಾಯ್ತೀವಿ. ನಡುವ ಒಂದು ಗೀರದ, ಅದು ಸಾಕು."

ಆ ವರ್ಷದ ದಸರೆ. ನಮ್ಮ ಕಡೆ ನವಮಿಗೆ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ದವಾಖಾನೆಯಲ್ಲೂ ಕತ್ತರಿ, ಚಿಮಟ, ಸೂಜಿ ಕುದಿಸುವ ಪಾತ್ರೆ ಎಲ್ಲಕ್ಕೂ ಕುಂಕುಮ ಹಚ್ಚಿ, ಜೀಪಿಗೆ ಮಾಲೆ ಹಾಕಿ, ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದೆವು. ಚಾಚಾ ತಮ್ಮ ಸೂಜಿ ಪಾನಾವನ್ನು ತೊಳೆದು ಒರೆಸಿ ತಂದು ಕತ್ತರಿಗಳ ಸಾಲಿನಲ್ಲಿಟ್ಟು, ಇದಕ್ಕೂ ಸ್ವಲ್ಪ ಹಚ್ಚರಿ ಎನ್ನುತ್ತಿದ್ದರು, ಸೂಜಿಗೆ ಮಾತ್ರ ತಾಗಿಸಬ್ಯಾಡ್ರಿ ಎಂದು ಎಚ್ಚರಿಸುತ್ತಿದ್ದರು. ಹಬ್ಬದ ಮುಂಚೆ ಜೀಪನ್ನು ಫರಸಿ ಕಲ್ಲಿನ ಅಟ್ಟಿಗಳ ಮೇಲೆ ಕೂಡಿಸಿ, ನಾಲ್ಕೂ ಗಾಲಿ ಬಿಚ್ಚಿ, ಒಳಗೆಲ್ಲ ಹೊಸ ಕೀಲೆಣ್ಣೆ ತುಂಬುವುದು ಅವರ ಪದ್ಧತಿ. ಆ ಸಲ ಅಷ್ಟು ಮಾಡಿ, ಬಿಚ್ಚಿದ ಗಾಲಿಗಳನ್ನು ಗೋಡೆಗೆ ಆನಿಸಿಟ್ಟು, ಎರಡು ದಿನ ರಜೆ ಹಾಕಿ ಶಹಾಬಾದಿನ ತಂಗಿಯ ಮನೆಗೆ ಹೋದರು. ನವಮಿಯ ಬೆಳಿಗ್ಗೆ ಬಂದು ಗಾಲಿ ಹಾಕುವುದೆಂದು ಮಾತಾಗಿತ್ತು.

ನಮ್ಮ ಉಗ್ರಾಣದಲ್ಲಿ ಅರ್ಧ ಡಬ್ಬಿ ಕೆಂಪು ಎಣ್ಣೆಬಣ್ಣ ಉಳಿದಿತ್ತು. ಊರೂರಿನ ಗೋಡೆಗಳ ಮೇಲೆ ಕುಟುಂಬ ಯೋಜನೆಯ ತ್ರಿಕೋನ ಬರೆಯಲು ಬಂದವನು ಬಿಟ್ಟು ಹೋದದ್ದು. ಆಯಾಳಿಗೂ ನನಗೂ ಒಮ್ಮೆಲೇ ಅದರ ನೆನಪಾಯಿತು. ಗಾಲಿಗಳ ಕಬ್ಬಿಣವೋ ತುಕ್ಕು ಹಿಡಿದು ಮುಖ ಬಾಡಿಸಿಕೊಂಡಿತ್ತು. ಖಾಯಂ ಆಗುವ ಮನುಷ್ಯನ ಜೀಪು ಹೀಗಿರಬಾರದು ಎಂದಳು ಆಯಾ. ಸರಿ, ಸೆರಗು ಸಿಕ್ಕಿಸಿ ಕೂತೆವು. ಕದ್ದು ಮಾಡುವ ಉಪಕಾರಕ್ಕೆ ಒಂದು ಉತ್ಸಾಹವೇ ಬೇರೆ. ಹೊರಮೈಗೆ ಹಚ್ಚಿದೆವು, ಒಳಮೈಗೆ ಹಚ್ಚಿದೆವು. ನಟ್ಟು ಕೂಡುವ ಐದೈದು ತೂತುಗಳ ಅಂಚಿಗೆ ಬ್ರಷ್ಷು ಹೋಗದೆ ಇದ್ದಾಗ, ನಾನು ಕಡ್ಡಿಗೆ ಹತ್ತಿ ಸುತ್ತಿ, ಗಾಯಕ್ಕೆ ಔಷಧ ಹಚ್ಚುವ ಹಾಗೆ ಒಂದೊಂದಕ್ಕೂ ದಟ್ಟವಾಗಿ ಬಳಿದೆ. ಮರುದಿನ ಅದರ ಮೇಲೆ ಇನ್ನೊಂದು ಕೋಟು. ಹಿಂದೆ ತೂಗುವ ಸ್ಟೆಪ್ನಿಯನ್ನೂ ಬಿಡಲಿಲ್ಲ.

ನವಮಿಯ ಬೆಳಿಗ್ಗೆ ಚಾಚಾ ಬಂದವರು ಗಾಲಿಗಳ ಮುಂದೆ ನಿಂತುಬಿಟ್ಟರು. ಮುಖ ಅರಳಿತು. ಯಾರ ಕೆಲಸ ಎಂದು ಕೇಳಬೇಕಾಗಿರಲಿಲ್ಲ, ನನ್ನ ಉಗುರುಗಳು ಕೆಂಪಾಗಿದ್ದವು. ಆಮೇಲೆ ಒಂದು ಗಾಲಿಯನ್ನು ಹೊರಳಿಸಿ ಒಳಮೈ ನೋಡಿದರು. ತೂತಿನ ಅಂಚನ್ನು ಉಗುರಿನಿಂದ ಕೆರೆದರು. ಉಗುರಿಗೆ ಮೆತ್ತಗಿನ ಬಣ್ಣ ಬಂತು.

"ಒಳಗೂ ಹಚ್ಚೀರೇನು ಬೇಟಿ?"

"ಎರಡು ಕೋಟು ರಿ ಚಾಚಾ," ಎಂದೆ ನಾನು, ಬಹುಮಾನಕ್ಕೆ ಕೈ ಚಾಚಿದವಳ ಹಾಗೆ.

ಅವರು ಏನೋ ಹೇಳಲು ಹೋಗಿ, ನನ್ನ ಮುಖ ನೋಡಿ, ಭಾಳ ಛಂದ ಆಗ್ಯಾವ ಎಂದಷ್ಟೇ ಹೇಳಿ ಗಾಲಿ ಹಾಕಲು ಕೂತರು. ಗೀರಿಗೆ ಸರಿಯಾಗಿ ಬಿಗಿದರು. ಪೂಜೆಯಾಯಿತು. ಮರುದಿನ ಬನ್ನಿ ಕೊಟ್ಟು ತಗೊಂಡೆವು. ಆ ಎರಡು ದಿನ ಜೀಪು ಹೊರಗೆ ಹೋಗುವುದಿರಲಿಲ್ಲ. ಹಬ್ಬ ಮುಗಿದ ಮೇಲೆ ಒಂದೊಂದೇ ಗಾಲಿ ಬಿಚ್ಚಿ ಕೆರೆದುಬಿಡೋಣ ಎಂದು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದರಂತೆ. ನನಗೆ ತಿಳಿದದ್ದು ಆಮೇಲೆ.

ಆದರೆ ಮೂರನೆಯ ದಿನ ಬೆಳಿಗ್ಗೆಯೇ ಡಾಕ್ಟರ ಅಪ್ಪಣೆ ಬಂತು. ಆಪರೇಷನ್ ಆಗಿ ಹೊಲಿಗೆ ಬಿಚ್ಚಿದ ನಾಲ್ಕು ಹೆಂಗಸರನ್ನು ಕುಂಚಾವರಂ ಕಡೆಯ ತಾಂಡಾಗಳಿಗೆ ಮುಟ್ಟಿಸಬೇಕು. ಅವರ ಜೊತೆಗೆ ನಾನು. ಅಲ್ಲಿನ ಉಪಕೇಂದ್ರದ ಸಾಮಾನು ನೋಡಲು ಹೆಡ್ ಕ್ಲಾರ್ಕರು ಮುಂದಿನ ಸೀಟಿನಲ್ಲಿ. ಕ್ಲಾರ್ಕರು ನಿಯಮದ ಮನುಷ್ಯ, ಕೆಟ್ಟವರಲ್ಲ. ಗುಂಡುಪಿನ್ನು ಕೆಳಗೆ ಬಿದ್ದರೂ ಹುಡುಕಿ ಪೆಟ್ಟಿಗೆಗೆ ಹಾಕುತ್ತಿದ್ದರು.

ಹುಣಸೆ ಗಿಡ ಹತ್ತಿರ ಬಂತು. ಚಾಚಾ ವೇಗ ಇಳಿಸಿದರು. ಒಬ್ಬ ತಾಯಿಯ ಮಡಿಲಲ್ಲಿ ಕೂಸು ಒಂದೇ ಸಮನೆ ಅಳುತ್ತಿತ್ತು, ಇನ್ನೊಬ್ಬಳು ಹೊಟ್ಟೆ ಹಿಡಿದುಕೊಂಡು ಕೂತಿದ್ದಳು, ಬಿಸಿಲು ಏರುತ್ತಿತ್ತು. ನಾನು ಹಿಂದಿನಿಂದ, "ಚಾಚಾ, ಇವತ್ತೊಂದಿನ ನಿಮ್ಮ ಗಿಡ ಬ್ಯಾಡ್ರಿ. ಇವರನ್ನ ಲಗೂನ ಮುಟ್ಟಿಸೂಣು," ಎಂದೆ. ಅವರು ತಿರುಗಿ ನನ್ನನ್ನು ನೋಡಿದರು. ಕೂಸನ್ನು ನೋಡಿದರು. ಆಮೇಲೆ ಗಿಡ ಹಿಂದೆ ಹೋಯಿತು. ಅವರನ್ನು ಬಲ್ಲಷ್ಟು ದಿನದಲ್ಲಿ ಗಾಲಿ ಬಿಚ್ಚಿ ಹಾಕಿದ ಮೇಲೆ ಅವರು ನಿಲ್ಲದೆ ಆ ಗಿಡವನ್ನು ದಾಟಿಹೋದದ್ದು ಅದೊಂದೇ ಸಲ.

ಕಾಡಿನ ರಸ್ತೆ ಹತ್ತಿದ ಮೇಲೆ ಹಿಂದಿನ ಬಲಗಾಲಿಯಿಂದ ಟಕ್ ಟಕ್ ಎಂದು ಸದ್ದು ಶುರುವಾಯಿತು. ನನಗೆ ಅದು ಕೇಳಿಸುವ ಮೊದಲೇ ಚಾಚಾ ಜೀಪನ್ನು ಮೆಲ್ಲಗೆ, ಬ್ರೇಕನ್ನೂ ಜೋರಾಗಿ ಒತ್ತದೆ, ಬದಿಗೆ ತಂದು ನಿಲ್ಲಿಸಿದರು. ಇಳಿದು ನೋಡಿದರೆ ಐದು ನಟ್ಟಿನಲ್ಲಿ ಒಂದು ಇರಲೇ ಇಲ್ಲ. ಉಳಿದ ನಾಲ್ಕನ್ನು ಅವರು ಬೆರಳಿನಿಂದ ತಿರುಗಿಸಿದರು, ತಿರುಗಿದವು. ರಸ್ತೆಯ ಎಡಕ್ಕೆ ಆಳವಾದ ಹಳ್ಳ. ಕ್ಲಾರ್ಕರು ಬೆರಳಿಗೆ ತಿರುಗುವ ನಟ್ಟನ್ನೂ ನೋಡಿದರು, ಹಳ್ಳವನ್ನೂ ನೋಡಿದರು, ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು.

ಚಾಚಾ ಹೆಂಗಸರನ್ನು ನೆರಳಿಗೆ ಇಳಿಸಿದರು. ಜಾಕು ಕೊಟ್ಟು ಗಾಲಿ ಬಿಚ್ಚಿ, ಚಾಕುವಿನಿಂದ ನಟ್ಟು ಕೂಡುವ ಅಂಚುಗಳನ್ನೂ ಒಳಮೈಯನ್ನೂ ಕೆರೆಯತೊಡಗಿದರು. ಹಿಂಡಿದ ಬಣ್ಣ ತೆಳುವಾದ ಕೆಂಪು ಸಿಪ್ಪೆಯಾಗಿ ಉದುರಿತು. ನೋಡುತ್ತ ನೋಡುತ್ತ ನನಗೆ ಅರ್ಥವಾಯಿತು. ನಟ್ಟು ಹಿಡಿದದ್ದು ಕಬ್ಬಿಣವನ್ನಲ್ಲ, ನನ್ನ ಬಣ್ಣವನ್ನು. ಗಾಲಿ ಓಡಿ ಬಿಸಿಯಾದಂತೆ ಮೆತ್ತಗಿನ ಬಣ್ಣ ಹಿಂಡಿ ಹೊರಗೆ ಬಂದಿತ್ತು. ಅದು ಖಾಲಿ ಮಾಡಿದ ಜಾಗವೇ ಸಡಿಲು.

ಕಳೆದ ನಟ್ಟಿನ ಬದಲು ಸ್ಟೆಪ್ನಿ ಹಿಡಿದಿದ್ದ ನಟ್ಟುಗಳಲ್ಲಿ ಒಂದನ್ನು ಬಿಚ್ಚಿ ಹಾಕಿದರು. ಆ ಗಾಲಿಯನ್ನು ಗೀರಿಗೆ ಬಿಗಿದು, ಉಳಿದ ಮೂರನ್ನೂ ಒಂದೊಂದಾಗಿ ನೋಡಿದರು. ಎಲ್ಲವೂ ಕಾಲು ಸುತ್ತು, ಅರ್ಧ ಸುತ್ತು ತಿರುಗಿದವು. ನೆರಳಿನಲ್ಲಿ ಕೂತ ಹೆಂಗಸರಲ್ಲಿ ಒಬ್ಬಳಿಗೆ ಬೇಸರ ಬಂತು.

"ಡಾಕ್ಟರ್ ನನ್ನ ಹೊಟ್ಟಿ ಕೊಯ್ದು ಹೊಲದ್ರೂ ಇಷ್ಟೊತ್ತು ಹಿಡೀಲಿಲ್ಲ. ಗಾಲಿಗಿ ಇಷ್ಟೊತ್ತೇನಪ್ಪಾ?"

"ನಿನ್ನ ಹೊಟ್ಟಿ ನಿನ್ನ ಬಿಟ್ಟು ಓಡಂಗಿಲ್ಲ ತಾಯಿ," ಎಂದರು ಚಾಚಾ, ಸೂಜಿಯಿಂದ ಕಣ್ಣು ತೆಗೆಯದೆ. "ಇದು ಓಡ್ತದ."

ಎಲ್ಲರೂ ನಕ್ಕರು, ಕ್ಲಾರ್ಕರನ್ನು ಬಿಟ್ಟು. ಅವರು ಎದ್ದು ಬಂದು, ಗಾಲಿ ಹಾಕಿದವರು ಯಾರು, ನಟ್ಟು ಬಿಗಿದವರು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯಬೇಕಿತ್ತು. ಚಾಚಾ ನನಗಿಂತ ಮೊದಲೇ ಹೇಳಿಬಿಟ್ಟರು.

"ಪಾನಾ ನನ್ನ ಕೈಯಾಗಿತ್ತು ಸಾಹೇಬ್ರ. ತಪ್ಪು ನಂದು."

ಅಲ್ಲಿಂದ ಮುಂದೆ ಎರಡು ಸಲ ನಿಲ್ಲಿಸಿ ನಟ್ಟು ನೋಡಿದರು. ಹೆಂಗಸರು ಸುಖವಾಗಿ ಮನೆ ಮುಟ್ಟಿದರು. ನಾನು ದಾರಿಯುದ್ದಕ್ಕೂ ಸುಮ್ಮನಿದ್ದೆ, ಹೋಗುವಾಗಲೂ ಬರುವಾಗಲೂ. ಮನೆಗೆ ಹೋದ ಮೇಲೆ ಹೇಳೋಣ, ಊಟವಾದ ಮೇಲೆ ಹೇಳೋಣ, ನಾಳೆ ಹೇಳೋಣ ಎಂದು ನನಗೆ ನಾನೇ ಸಬೂಬು ಕೊಟ್ಟುಕೊಂಡೆ. ಆ ಸುಮ್ಮನಿದ್ದ ದಿನವನ್ನು ನಾನು ಇಲ್ಲಿ ಮುಚ್ಚಿಟ್ಟರೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ.

ಮರುದಿನ ಬೆಳಿಗ್ಗೆ ಆಯಾ ಬಂದು ಹೇಳಿದಳು. ನಟ್ಟು ಬಿಗಿಯದೆ ರೋಗಿಗಳನ್ನು ಒಯ್ದ ಡ್ರೈವರ್ ಎಂದು ಕ್ಲಾರ್ಕರು ಬರೆದು ಕೊಟ್ಟಿದ್ದಾರೆ. ಡಾಕ್ಟರು ಖಾಯಂ ಕಾಗದವನ್ನು ಎತ್ತಿ ಪಕ್ಕಕ್ಕಿಟ್ಟಿದ್ದಾರೆ. ನಾಲ್ಕು ಜನ ಹೆಂಗಸರ ಜೀವದ ಮಾತು, ಇಂಥವನಿಗೆ ಶಿಫಾರಸು ಹೇಗೆ ಬರೆಯಲಿ ಅಂದರಂತೆ. ನಾನು ಹೊರಗೆ ಇಣುಕಿದೆ. ಚಾಚಾ ಜೀಪಿನ ಹತ್ತಿರ ಕೂತು ಸೂಜಿ ಪಾನಾ ಒರೆಸುತ್ತಿದ್ದರು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ.

ನೆಟ್ಟಗೆ ಡಾಕ್ಟರ ಕೋಣೆಗೆ ಹೋದೆ. ಬಣ್ಣ ಹಚ್ಚಿದ್ದು ನಾನು, ಗಿಡದ ಹತ್ತಿರ ನಿಲ್ಲಬೇಡಿ ಎಂದದ್ದೂ ನಾನೇ ಎಂದು ಒಂದೇ ಉಸಿರಿಗೆ ಹೇಳಿದೆ. ಡಾಕ್ಟರು ನನ್ನನ್ನು ಕನಿಕರದಿಂದ ನೋಡಿದರು. ಕೂದಲೆಳೆಯಷ್ಟು ಬಣ್ಣಕ್ಕೆ ಕಬ್ಬಿಣದ ನಟ್ಟು ಸಡಿಲಾಗುತ್ತದೆಯೇ, ಡ್ರೈವರನ ಮೇಲಿನ ಕರುಣೆಗೆ ಹೀಗೆ ಹೇಳುತ್ತಿದ್ದೀರಿ ಎಂದರು. ಆಗ ನನಗೆ ಸ್ಟೆಪ್ನಿಯ ನೆನಪಾಯಿತು. ಅದಕ್ಕೂ ಎರಡು ಕೋಟು ಬಳಿದಿದ್ದೆನಲ್ಲ. ಅದಿನ್ನೂ ನೆಲ ಮುಟ್ಟಿರಲಿಲ್ಲ.

"ಸರ್, ನೀವೇ ಬಿಗೀರಿ, ನೀವೇ ನೋಡ್ರಿ," ಎಂದೆ.

ಆ ಡಾಕ್ಟರಿಗೂ ನಾನು ಋಣಿ. ನರ್ಸು ಹೇಳಿದ್ದನ್ನು ಕೇಳಿ ಕುರ್ಚಿ ಬಿಟ್ಟು ಎದ್ದು ಬರುವ ಸಾಹೇಬರು ಆ ಕಾಲಕ್ಕೆ ಹೆಚ್ಚು ಇರಲಿಲ್ಲ. ಬಲಗಡೆ ಮುಂದಿನ ಗಾಲಿ ತೆಗೆಸಿ ಸ್ಟೆಪ್ನಿ ಹಾಕಿಸಿದೆವು. ಅದನ್ನೂ, ಕಾಡಿನಲ್ಲಿ ಕೆರೆದು ಸ್ವಚ್ಛ ಮಾಡಿದ ಹಿಂದಿನ ಬಲಗಾಲಿಯನ್ನೂ, ಎರಡನ್ನೂ ಒಂದೇ ಗೀರಿಗೆ ಡಾಕ್ಟರೇ ಬಿಗಿದರು. ಹೇಗೆ ಎಳೆಯಬೇಕೆಂದು ಚಾಚಾ ಹೇಳಿಕೊಟ್ಟರು, ಕೈ ಮಾತ್ರ ಹಚ್ಚಲಿಲ್ಲ. ನಾನು ಗಾಯಕ್ಕೆ ಹಚ್ಚುವ ನೀಲಿ ಔಷಧ ತಂದು, ಹತ್ತೂ ನಟ್ಟಿನಿಂದ ಗಾಲಿಯ ಮೇಲಕ್ಕೆ ಒಂದೊಂದು ನೀಲಿ ಗೆರೆ ಎಳೆದೆ. ನಟ್ಟು ಮುಂದೆ ಎಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣಬೇಕು. ಕ್ಲಾರ್ಕರನ್ನು ಡಾಕ್ಟರೇ ಕರೆದು ಕೂಡಿಸಿಕೊಂಡರು. ಹುಣಸೆ ಗಿಡದ ತನಕ ಹೋಗಿ, ಹೊಳ್ಳಿ ಊರಿಗೆ ಬಂದು, ಮತ್ತೆ ಗಿಡಕ್ಕೆ ಹೋದೆವು. ಎಲ್ಲರೂ ಇಳಿದೆವು. ಗಾಲಿ ತಣ್ಣಗಾಗಲಿ ಎಂದರು ಚಾಚಾ. ಆ ದಿನ ಅವರು ಬೀಡಿ ಹಚ್ಚಲಿಲ್ಲ.

ಮೊದಲು ಹಿಂದಿನ ಗಾಲಿ. ಡಾಕ್ಟರು ಬಗ್ಗಿ, ಸೂಜಿಯ ನೇರಕ್ಕೆ ಕಣ್ಣಿಟ್ಟು ಎಳೆದರು. ಪಟ್ಟಿ ಸರಿದು ಗೀರಿಗೆ ಬಂತು, ನಟ್ಟು ಅಲುಗಲಿಲ್ಲ. ಐದರಲ್ಲಿ ಐದೂ ಹಾಗೆಯೇ, ನೀಲಿ ಗೆರೆ ಕೂದಲಷ್ಟೂ ಕಡಿಯಲಿಲ್ಲ. ಆಮೇಲೆ ಕೆಂಪು ಸ್ಟೆಪ್ನಿಗೆ ಬಂದರು. ಪಾನಾ ಹಚ್ಚಿ ಎಳೆದರೆ ಸೂಜಿ ಗೀರಿನ ಅರ್ಧಕ್ಕೂ ಬರುವ ಮೊದಲೇ ನಟ್ಟು ಹೊರಟಿತು. ಹೊರಟಿದ್ದು ತಿರುಗುತ್ತಲೇ ಹೋಯಿತು. ಗೀರು ಮುಟ್ಟುವ ಹೊತ್ತಿಗೆ ನಟ್ಟಿನ ಮೇಲಿನ ನೀಲಿ ಒಂದು ಕಡೆ, ಗಾಲಿಯ ಮೇಲಿನ ನೀಲಿ ಒಂದು ಕಡೆ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಅಂಚಿನಿಂದ ಕೆಂಪು ಬಣ್ಣ ಹಿಂಡಿ ಹೊರಗೆ ಬಂದು ನಿಂತಿತ್ತು.

ಡಾಕ್ಟರು ನಿಂತು ಸೊಂಟ ನೆಟ್ಟಗೆ ಮಾಡಿಕೊಂಡರು. ಆಮೇಲೆ ಚಾಚಾ ಅವರಿಗೆ ಒಂದೇ ಪ್ರಶ್ನೆ ಕೇಳಿದರು. ಬಣ್ಣ ಒಳಗೆ ಇದೆ ಎಂದು ನಿಮಗೆ ಗಾಲಿ ಹಾಕುವಾಗ ಗೊತ್ತಿತ್ತೋ ಇಲ್ಲವೋ.

"ಗೊತ್ತಿತ್ರಿ," ಎಂದರು ಚಾಚಾ. "ಹುಡುಗಿ ಎರಡು ದಿನ ಕುಂತು ಹಚ್ಯಾಳ. ಹಬ್ಬದ ದಿನ ಅಕಿ ಮುಂದ ಹ್ಯಾಂಗ ಕೆರೀಲಿ ಅಂದ್ಕೊಂಡೆ. ಹುಣಸಿಗಿಡ ಅದ ಅಲ್ಲ, ಅಲ್ಲಿ ನೋಡ್ಕೊಂಡ್ರಾತು ಅಂದೆ. ಗಿಡ ಬಂದಾಗ ಕೂಸು ಅಳ್ಳಿಕತ್ತಿತ್ತು. ಹುಡುಗಿ ಮಾರಿ, ಕೂಸಿನ ಮಾರಿ, ಎರಡ ಸಲ ಮಾರಿ ನೋಡಿ ಕೆಟ್ಟೆ ಸಾಹೇಬ್ರ. ಗಾಲಿಯವ ಮಾರಿ ನೋಡಬಾರದು, ಸೂಜಿ ನೋಡಬೇಕು."

ಕ್ಲಾರ್ಕರೇ ಮೊದಲು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ನಟ್ಟು ಬಿಗಿಯದೆ ಎಂದು ನಾನು ಬರೆದದ್ದು ಸರಿಯಲ್ಲ, ಬಿಗಿದದ್ದು ನಿಜ, ಬೇರೆ ಬರೆದುಕೊಡುತ್ತೇನೆ ಎಂದರು. ಬರೆದದ್ದನ್ನು ತಪ್ಪೆಂದು ಒಪ್ಪುವುದು ಆ ಮನುಷ್ಯನಿಗೆ ಎಷ್ಟು ಕಷ್ಟದ ಕೆಲಸ ಎಂದು ಬಲ್ಲವಳಾದ ನಾನು, ಅಂದಿನಿಂದ ಅವರ ಗುಂಡುಪಿನ್ನಿನ ಬಗ್ಗೆ ನಗುವುದನ್ನು ಬಿಟ್ಟೆ. ಡಾಕ್ಟರು ಜೀಪಿನ ಬಾನೆಟ್ಟಿನ ಮೇಲೆ ದಾಖಲೆ ಪುಸ್ತಕ ಬಿಚ್ಚಿ, ಅಲ್ಲೇ ನಿಂತು ಬರೆದರು: ಗಾಲಿ ಬಿಚ್ಚಿ ಹಾಕಿದ ಮೇಲೆ ಮೂರು ಮೈಲಿಗೆ ವಾಹನ ನಿಲ್ಲಿಸಿ ನಟ್ಟು ಪರೀಕ್ಷಿಸತಕ್ಕದ್ದು, ಒಳಗೆ ಯಾರೇ ಕೂತಿರಲಿ ನಿಲ್ಲಿಸತಕ್ಕದ್ದು. ಕೆಳಗೆ ಸಹಿ ಹಾಕಿ, ಎಲ್ಲರೂ ಓದಿ ಎಂದು ನಮ್ಮ ಕಡೆ ತಿರುಗಿಸಿದರು. ಶಿಫಾರಸಿನ ಕಾಗದ ಆ ವಾರವೇ ಗುಲ್ಬರ್ಗಕ್ಕೆ ಹೋಯಿತು.

ಆ ಮಧ್ಯಾಹ್ನದಿಂದ ಐದೂ ಗಾಲಿ ಕೆರೆಯುವ ಶಿಕ್ಷೆಯನ್ನು ನಾನೇ ಬೇಡಿ ಪಡೆದೆ. ತಂತಿಯ ಬ್ರಷ್ಷು ಹಿಡಿದು, ಹತ್ತಿಯ ಕಡ್ಡಿಯಿಂದ ತುಂಬಿದ್ದನ್ನು ಮೊಳೆಯಿಂದ ತೆಗೆದೆ. ಕಬ್ಬಿಣ ಹೊಳೆಯುವ ತನಕ ಚಾಚಾ ಬಿಡಲಿಲ್ಲ. ಹೊರಮೈಗೂ ಬ್ರಷ್ಷು ಒಯ್ದಾಗ ಮಾತ್ರ ನನ್ನ ಕೈ ಹಿಡಿದರು. ಅದು ಇರಲಿ, ನಟ್ಟು ಕೂಡದ ಕಡೆ ಬಣ್ಣ ಏನೂ ಮಾಡುವುದಿಲ್ಲ, ನೋಡಲು ಛಂದ ಇದೆ ಎಂದರು. ಹೀಗೆ ಆ ತಾಲೂಕಿನಲ್ಲೆಲ್ಲ ಕೆಂಪು ಗಾಲಿಯ ಸರಕಾರಿ ಜೀಪು ನಮ್ಮದೊಂದೇ ಆಯಿತು. ದೂರದಿಂದಲೇ ಗುರುತು ಹಿಡಿದು ಜನ ಕೈ ಮಾಡುತ್ತಿದ್ದರು.

ಅವರು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಅದರ ಬದಲು ಕಲಿಸಿದರು. ಬೆರಳಿಗೆ ಹತ್ತಿಸುವುದು, ಒಂದು ಬಿಟ್ಟು ಒಂದು, ಎರಡು ಸುತ್ತು, ಉಸಿರಿನಂತೆ ಎಳೆಯುವುದು. ನ್ಯುಮೋನಿಯಾ ಕೂಸಿನ ಉಸಿರು ಎಣಿಸುವುದನ್ನು ನಾನು ನರ್ಸಿಂಗ್ ಸಾಲಿಯಲ್ಲಿ ಕಲಿತೆ. ಆದರೆ ಅಳುವ ತಾಯಿಯ ಮುಖ ನೋಡಿ ಎಣಿಕೆ ತಪ್ಪಬಾರದು ಎನ್ನುವುದನ್ನು ಹುಣಸೆ ಗಿಡದ ಕೆಳಗೆ ಕಲಿತೆ. ಔಷಧ ಕೊಟ್ಟು ಕಳಿಸಿದ ಮೇಲೂ ಮೂರನೆಯ ದಿನ ಮನೆಗೆ ಹೋಗಿ ಮತ್ತೆ ನೋಡುವ ಚಟ ನನಗೆ ಹತ್ತಿದ್ದೂ ಅಲ್ಲಿಂದಲೇ. ಈ ಚಟದಿಂದ ಉಳಿದ ಕೂಸುಗಳಲ್ಲಿ ಕೆಲವರು ಈಗ ನನಗಿಂತ ಎತ್ತರ.

ಖಾಯಂ ಆದೇಶ ಬಂದದ್ದು ಬೇಸಿಗೆ ಶುರುವಾದ ಮೇಲೆ. ಚಾಚಾ ಅದನ್ನು ಕೌದಿಯಲ್ಲಿ ಸೂಜಿ ಪಾನಾದ ಜೊತೆಗೇ ಸುತ್ತಿಟ್ಟುಕೊಂಡಿದ್ದರು. ಮರುದಿನ ಕುಂಚಾವರಂ ಕಡೆ ಲಸಿಕೆಯ ಕೆಲಸ. ಹಿಂದಿನ ಸಂಜೆಯೇ ಒಂದು ಗಾಲಿ ಬಿಚ್ಚಿ ಹಾಕಿದ್ದರು, ಹೀಗಾಗಿ ಗಿಡದ ಹತ್ತಿರ ಜೀಪು ತಾನಾಗಿಯೇ ನಿಂತಿತು. ನಾನು ಕಾದೆ. ಅವರು ಇಳಿಯಲೇ ಇಲ್ಲ. ಸೀಟಿಗೆ ಒರಗಿ, ಬೀಡಿ ಹಚ್ಚಿ, ಕೌದಿಯ ಗಂಟನ್ನು ತೆಗೆದು ಹಿಂದೆ ನನ್ನ ಮಡಿಲಿಗೆ ಇಟ್ಟರು.

"ಖಾಯಂ ಆದ ಮನಷಾ ಬಿಸಲಾಗ ಇಳೀಬಾರದಂತ ಬೇಟಿ. ನೀವೇ ನೋಡ್ರಿ."

ಇಳಿದೆ. ಕೆಂಪು ಗಾಲಿಯ ಮುಂದೆ ಮೊಣಕಾಲೂರಿ ಕೂತೆ. ಕೈಯಿಂದ ಮುಟ್ಟಿ ಬಿಸಿ ಆರಿದೆಯೇ ನೋಡಿದೆ. ಒಂದು ಬಿಟ್ಟು ಒಂದರಂತೆ ಐದಕ್ಕೂ ಪಾನಾ ಹಚ್ಚಿ, ಸೂಜಿಯ ನೇರಕ್ಕೆ ಬಗ್ಗಿ ಎಳೆದೆ. ಐದೂ ಗೀರಿಗೆ ಬಂದು ನಿಂತವು. ಒಂದೂ ಅಲುಗಲಿಲ್ಲ. ಒಳಗಿನಿಂದ ಅವರು ಹ್ಯಾಂಗದ ಎಂದು ಕೇಳಿದರು. ಸರಿ ಅದ ರಿ ಎಂದೆ. ಆದರೂ ಅವರು ಕನ್ನಡಿಯಲ್ಲಿ ಒಮ್ಮೆ ಗಾಲಿಯ ಕಡೆ ನೋಡಿದ್ದು ನನಗೆ ಕಂಡಿತು. ನಾನು ಪಾನಾವನ್ನು ಕೌದಿಯಲ್ಲಿ ಸುತ್ತಿ, ಸೂಜಿ ಮೇಲೆ ಬರುವ ಹಾಗೆ ಮಲಗಿಸಿದೆ. ಬೀಡಿ ಮುಗಿಯುವ ತನಕ ನೆರಳಿನಲ್ಲಿ ನಿಂತು, ಆಮೇಲೆ ಹತ್ತಿ ಕೂತೆ.